ಬಂದು ಹೋಗುವ ಫಾಲ್ಟ್, ಬೈಸಿಕೊಳ್ಳುವ ಇಸಿಎಂ

ಗೋವಾದ ಮಾಪುಸಾದಲ್ಲಿ ನಾನು ಆಟೋ ಎಲೆಕ್ಟ್ರಿಷಿಯನ್. ನನ್ನ ಹತ್ತಿರ ಬರುವ ಎಷ್ಟೋ ಗಾಡಿಗಳು ತೀರ್ಪು ಹೊತ್ತುಕೊಂಡೇ ಬರುತ್ತವೆ: "ಇಸಿಎಂ ಹೋಗಿದೆ ಅಂದ್ರು." ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಬಿಚ್ಚಿ ನೋಡಿದರೆ ಬಹುಪಾಲು ಇಸಿಎಂ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಸಿಗಬೇಕಾದ ಕರೆಂಟ್, ಅರ್ಥ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಸೆನ್ಸರ್‌ಗಳ ಸಿಗ್ನಲ್ ಈ ಮೂರರಲ್ಲಿ ಯಾವುದೋ ಒಂದು ಆಗಾಗ ಕೈ ಕೊಡುತ್ತಿರುತ್ತದೆ. ಪಾಪದ ಪೆಟ್ಟಿಗೆ ಬೈಸಿಕೊಳ್ಳುತ್ತದೆ, ಮಾಲೀಕನ ಜೇಬು ಖಾಲಿಯಾಗುತ್ತದೆ. ಹೊಟ್ಟೆಪಾಡಿಗೆ ಗಾಡಿ ಓಡಿಸುವವರಿಗೆ ಅದು ಸಣ್ಣ ಪೆಟ್ಟಲ್ಲ.

ಯಾವಾಗಲೂ ಇರುವ ಫಾಲ್ಟ್ ಹುಡುಕುವುದು ಸುಲಭ. ಬಂದು ಹೋಗುವ ಫಾಲ್ಟ್ ಕಷ್ಟ. ಗ್ಯಾರೇಜಿಗೆ ಬಂದಾಗ ಗಾಡಿ ಚೆನ್ನಾಗಿರುತ್ತದೆ, ಗೇಟ್ ದಾಟಿದ ಮೇಲೆ ಹಟ ಮಾಡುತ್ತದೆ. ಅದಕ್ಕೇ ನಾನು ಮೊದಲು ಮೀಟರ್ ತೆಗೆಯುವುದಿಲ್ಲ, ಡ್ರೈವರ್ ಹತ್ತಿರ ಕೂತು ಮಾತಾಡುತ್ತೇನೆ. ಬಿಸಿಯಾದ ಮೇಲೆ ಆಗುತ್ತದೋ, ಬೆಳಿಗ್ಗೆ ತಣ್ಣಗಿದ್ದಾಗಲೋ? ಗಾಡಿ ತೊಳೆದ ಮೇಲೆ ಶುರುವಾಯಿತಾ? ಹೊಂಡಕ್ಕೆ ಇಳಿದಾಗಲೋ, ಎಸಿ ಹಾಕಿದಾಗಲೋ? ಬಂದ್ ಬೀಳುವ ಹೊತ್ತಿಗೆ ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲಾಯಿತಾ? ಆಗಿದ್ದರೆ ಮೇನ್ ಸಪ್ಲೈ ಅಥವಾ ಅರ್ಥ್ ಕಡೆ ನೋಡುತ್ತೇನೆ. ಲೈಟ್ ಎಲ್ಲ ಇದ್ದು, ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಮಾತ್ರ ಪಟ್ಟನೆ ಸೊನ್ನೆಗೆ ಬಿದ್ದರೆ ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಮೇಲೆ ಅನುಮಾನ. ಇಷ್ಟು ಕೇಳಿದರೇ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಒಂದು ಪಿಕಪ್ ಗಾಡಿಯ ವಿಷಯ ಹೇಳುತ್ತೇನೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ತರಕಾರಿ ತರುವ ಗಾಡಿ. ವಾಪಸ್ ಹೋಗುವಾಗ ಮೀನಿನ ಲೋಡ್. ಬೇರೆ ಕಡೆ ಇಸಿಎಂ ಬದಲಿಸಬೇಕು ಅಂದಿದ್ದರಂತೆ. ಡ್ರೈವರ್ ಹುಡುಗ ನಮ್ಮ ಕಡೆಯವನೇ.

"ಬರೂಮುಂದ ಏನೂ ಆಗಂಗಿಲ್ರೀ ಅಣ್ಣಾರ. ವಾಪಸ್ ಘಾಟ್ ಏರೂಮುಂದ ಅಷ್ಟ ಬಂದ್ ಬೀಳ್ತೈತಿ."

"ನಿಂತ ಮ್ಯಾಲೆ ಎಷ್ಟೊತ್ತಿಗೆ ಚಾಲೂ ಆಕ್ಕೈತಪಾ?"

"ಕೀಲಿ ತಿರುವಿದ್ರ ಆತ್ರಿ, ಚಾಲೂ."

ಈ ಕೊನೆಯ ಮಾತೇ ದಾರಿ ತೋರಿಸಿತು. ಬಿಸಿಯಿಂದ ಕೆಡುವ ಸೆನ್ಸರ್ ಆಗಿದ್ದರೆ ತಣ್ಣಗಾಗುವವರೆಗೆ ಕಾಯಿಸುತ್ತಿತ್ತು. ಇದು ಕಾಯಿಸುತ್ತಿರಲಿಲ್ಲ. ಅಂದರೆ ಬಿಸಿ ಅಲ್ಲ, ಏರಿನಲ್ಲಿ ಎಂಜಿನ್ ಮೇಲೆ ಬೀಳುವ ಭಾರಕ್ಕೂ ಇದಕ್ಕೂ ಏನೋ ಸಂಬಂಧ ಇದೆ.

ಇಸಿಎಂ ಬರೆದಿಟ್ಟ ಫಾಲ್ಟ್ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಕೋಡ್ ಏನೂ ಇಲ್ಲ, ಮೊದಲು ನೋಡಿದವರು ಅಳಿಸಿಬಿಟ್ಟಿದ್ದರು. ಇದು ನನಗೆ ತುಂಬಾ ಬೇಸರದ ವಿಷಯ. ಕೋಡ್ ಜೊತೆ ಫ್ರೀಜ್ ಫ್ರೇಮ್ ಅಂತ ಇರುತ್ತದೆ: ಫಾಲ್ಟ್ ದಾಖಲಾದ ಹೊತ್ತಿಗೆ ಆರ್‌ಪಿಎಂ ಎಷ್ಟಿತ್ತು, ಸ್ಪೀಡ್ ಎಷ್ಟು, ಎಂಜಿನ್ ಬಿಸಿ ಎಷ್ಟು ಅಂತ. ಅಳಿಸಿದರೆ ಅದೂ ಹೋಗುತ್ತದೆ. ಅಳಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ಆದರೂ ತೆಗೆದಿಡಬೇಕಲ್ವಾ? ಸರಿ, ಹಾಗೇ ಕಳಿಸಿ, ಬಂದ್ ಬಿದ್ದ ಮೇಲೆ ಬ್ಯಾಟರಿ ಬಿಚ್ಚದೆ ವಾಪಸ್ ಬಾ ಅಂದೆ. ಬಂದಾಗ ಮೂರು ಕೋಡ್ ಕೂತಿದ್ದವು: ಪಿ0641, ಪಿ0192, ಪಿ0237. ಮೊದಲನೆಯದು ಸೆನ್ಸರ್‌ಗಳಿಗೆ ಹೋಗುವ 5 ವೋಲ್ಟ್ ಸಪ್ಲೈದು. ಎರಡನೆಯದು ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನ ಒತ್ತಡ) ಸೆನ್ಸರ್ ಸಿಗ್ನಲ್ ಕಡಿಮೆ ಅನ್ನುತ್ತದೆ, ಮೂರನೆಯದು ಟರ್ಬೊ ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಸೆನ್ಸರ್ ಸಿಗ್ನಲ್ ಕಡಿಮೆ ಅನ್ನುತ್ತದೆ.

ಇಂಥ ಕೋಡ್‌ಗಳು ಒಟ್ಟಿಗೆ ಬಂದರೆ ಎರಡು ಸೆನ್ಸರ್ ಒಂದೇ ಕ್ಷಣಕ್ಕೆ ಸತ್ತವು ಅಂತ ನಂಬಬೇಡಿ. ಎರಡಕ್ಕೂ ಯಾವುದು ಕಾಮನ್ ಅಂತ ಕೇಳಿಕೊಳ್ಳಿ. ಇಸಿಎಂ ಒಳಗೆ 12 ವೋಲ್ಟನ್ನು 5ಕ್ಕೆ ಇಳಿಸಿ ಒಂದೇ ಲೈನಿನಲ್ಲಿ ಹಲವು ಸೆನ್ಸರ್‌ಗಳಿಗೆ ಹಂಚುತ್ತದೆ. ಆ ಲೈನ್ ಎಲ್ಲೇ ಗಾಡಿಯ ಕಬ್ಬಿಣದ ಮೈಗೆ ತಾಗಿದರೂ ಎಲ್ಲವೂ ಕುರುಡಾಗುತ್ತವೆ. ರೈಲ್ ಪ್ರೆಶರ್ ಗೊತ್ತಾಗದಿದ್ದರೆ ಇಂಥ ಡೀಸೆಲ್ ಎಂಜಿನ್ ನಿಂತುಹೋಗಬಹುದು.

ಬೂಸ್ಟ್ ಸೆನ್ಸರ್ ಕಪ್ಲರ್‌ನ (ತಂತಿಗಳನ್ನು ಸಿಕ್ಕಿಸುವ ಪ್ಲಗ್) ಹಿಂಬದಿಯಿಂದ ಸಣ್ಣ ಪಿನ್ ತೂರಿಸಿ 5 ವೋಲ್ಟ್ ತಂತಿಗೆ ಮೀಟರ್ ಜೋಡಿಸಿದೆ. ಕಡಿಮೆಯಾದ ಅಂಕಿ ನೆನಪಿಟ್ಟುಕೊಳ್ಳುವ ಮಿನ್-ಮ್ಯಾಕ್ಸ್ ಬಟನ್ ಒತ್ತಿದೆ. ಚಕ್ರಗಳಿಗೆ ಅಡೆ ಇಟ್ಟು, ಎದುರು ಯಾರೂ ನಿಲ್ಲದಂತೆ ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಕ್ಲಚ್ ಸ್ವಲ್ಪ ಬಿಡಿಸಿದೆ. ಎಂಜಿನ್ ಮೌಂಟಿಂಗ್ ಮೇಲೆ ಒಂದು ಪಕ್ಕಕ್ಕೆ ವಾಲಿತು. ಮೀಟರ್ 5ರಿಂದ 0.2ಕ್ಕೆ ಬಿತ್ತು, ಎಂಜಿನ್ ಬಂದ್. ರಿವರ್ಸ್ ಗೇರಿನಲ್ಲಿ ಎಂಜಿನ್ ಇನ್ನೊಂದು ಪಕ್ಕಕ್ಕೆ ವಾಲುತ್ತದೆ, ಆಗ ಏನೂ ಆಗಲಿಲ್ಲ. ಬೂಸ್ಟ್ ಸೆನ್ಸರ್ ಕಪ್ಲರ್ ಬಿಚ್ಚಿ ನೋಡಿದೆ, ಆಗಲೂ ಬೀಳುತ್ತಿತ್ತು. ಆಮೇಲೆ ಎಂಜಿನ್ ಆಫ್, ಇಗ್ನಿಷನ್ ಮಾತ್ರ ಆನ್. ಉಳಿದ ಸೆನ್ಸರ್‌ಗಳನ್ನೂ ಬಿಚ್ಚಿ ಹಾರ್ನೆಸ್, ಅಂದರೆ ತಂತಿಗಳ ಕಟ್ಟು, ಎಳೆದಾಡಿಸಿದೆ. ಒಂದು ಜಾಗದಲ್ಲಿ ಎಳೆದಾಗ ಮಾತ್ರ ಮೀಟರ್ ಬಿತ್ತು. ಅಂದರೆ ಸೆನ್ಸರ್ ಅಲ್ಲ, ತಂತಿ. ಎಂಜಿನ್ ಹಿಂಭಾಗದಲ್ಲಿ ಹಾರ್ನೆಸ್ ಹಿಡಿದಿಡುವ ಕ್ಲಿಪ್ ಇರಲಿಲ್ಲ. ತಂತಿ ಒಂದು ಕಬ್ಬಿಣದ ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಹೊದಿಕೆ ಹೋಗಿ ತಾಮ್ರ ಹೊರಗೆ ಕಾಣುತ್ತಿತ್ತು. ಏರಿನಲ್ಲಿ ಎಂಜಿನ್ ವಾಲಿದಾಗ ತಾಗುತ್ತಿತ್ತು, ನಿಂತ ಕೂಡಲೇ ಬಿಡುತ್ತಿತ್ತು. ಕೆಟ್ಟ ತುಂಡು ಕತ್ತರಿಸಿ, ಕ್ರಿಂಪ್ ಮಾಡಿ (ಲೋಹದ ತುಂಡಿನೊಳಗೆ ತಂತಿ ಒತ್ತಿ ಕೂಡಿಸಿ), ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಹೊಸ ಕ್ಲಿಪ್ ಕೂರಿಸಿದೆ. ಸುಮ್ನೆ ಇನ್ಸುಲೇಷನ್ ಟೇಪ್ ಸುತ್ತಬೇಡಿ. ಎಂಜಿನ್ ಬಿಸಿಗೆ ಅಂಟು ಕರಗಿ ಬಿಡುತ್ತದೆ.

ಗೋವಾದಲ್ಲಿ ಇದಕ್ಕಿಂತ ಜಾಸ್ತಿ ಕಾಣುವುದು ಅರ್ಥ್ ಕೆಡುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ, ಅದರ ಮೇಲೆ ಉಪ್ಪು ಗಾಳಿ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಅದು ತಂತಿಯ ಹೊದಿಕೆಯ ಒಳಗೇ ತೆವಳಿಕೊಂಡು ಹೋಗುವುದರಿಂದ ಹೊರಗಿನಿಂದ ಕಾಣುವುದೂ ಇಲ್ಲ. ಇದೇ ಕಾರಣಕ್ಕೆ ಸೂಜಿಯಿಂದ ತಂತಿ ಚುಚ್ಚಿ ಟೆಸ್ಟ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಇವತ್ತಿನ ತೂತು ಮುಂದಿನ ಮಳೆಗಾಲದ ಫಾಲ್ಟ್.

ಅರ್ಥ್ ನೋಡಲು ಓಮ್ (ತಂತಿಯ ತಡೆ) ಅಳೆದರೆ ಸಾಲದು. ಇಪ್ಪತ್ತು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಸರಿ ಅಂತಲೇ ತೋರಿಸುತ್ತದೆ, ಏಕೆಂದರೆ ಮೀಟರ್ ಕಳಿಸುವ ಕರೆಂಟ್ ತೀರಾ ಕಡಿಮೆ. ಹಳ್ಳಕ್ಕೆ ಅಡ್ಡ ಹಾಕಿದ ಸಂಕದ ಮೇಲೆ ಒಬ್ಬ ಮನುಷ್ಯ ದಾಟಬಹುದು, ಹೇರು ತುಂಬಿದ ಗಾಡಿ ದಾಟುತ್ತದಾ? ಹಾಗಾಗಿ ಭಾರ ಹಾಕಿಯೇ ನೋಡಬೇಕು. ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಸಿಎಂ ಅರ್ಥ್ ಪಿನ್‌ಗೆ ಹಿಡಿಯುತ್ತೇನೆ. 0.1 ವೋಲ್ಟ್ ಒಳಗಿದ್ದರೆ ಸಮಾಧಾನ. ಒಂದು ಟ್ಯಾಕ್ಸಿಯಲ್ಲಿ 0.6 ಬಂತು. ಗಾಡಿಯ ಮೈಗೆ ಬೋಲ್ಟ್ ಮಾಡಿದ ಅರ್ಥ್ ರಿಂಗ್ ಮೇಲೆ ಪಳಪಳ ಹೊಳೆಯುತ್ತಿತ್ತು, ತಂತಿ ಕ್ರಿಂಪ್ ಆದ ಜಾಗದ ಒಳಗೆ ಪೂರ್ತಿ ಹಸಿರು. ಸಪ್ಲೈ ನೋಡಲು ಇಗ್ನಿಷನ್ ಆಫ್ ಮಾಡಿ ಇಸಿಎಂ ಕಪ್ಲರ್ ಬಿಚ್ಚಿ, ಮೇನ್ ಪ್ಲಸ್ ಮತ್ತು ಅರ್ಥ್ ಪಿನ್ ನಡುವೆ 21 ವ್ಯಾಟ್ ಬಲ್ಬ್ ಉರಿಸುತ್ತೇನೆ. ಪ್ಲಸ್ ರಿಲೇ ಮೂಲಕ ಬರುವುದಾದರೆ ರಿಲೇಯನ್ನೂ ಆನ್ ಮಾಡಬೇಕಾಗುತ್ತದೆ. ಸುಮಾರು 1.75 ಆಂಪ್ ಎಳೆಯುವ ಬಲ್ಬ್ ಅದು. ಮಂಕಾದರೆ ತಂತಿಯಲ್ಲೇ ತೊಂದರೆ. ಆದರೆ ದಪ್ಪ ಕಡ್ಡಿ ತುರುಕಬೇಡಿ. ಫೀಮೇಲ್ ಪಿನ್ ಅಗಲವಾಗಿ ನೀವೇ ಹೊಸ ಲೂಸ್ ಕಾಂಟ್ಯಾಕ್ಟ್ ಮಾಡಿದಂತಾಗುತ್ತದೆ.

ಯು ಅಕ್ಷರದಿಂದ ಶುರುವಾಗುವ ಕೋಡ್ ಬಂದರೆ, ಉದಾಹರಣೆಗೆ ಯು0100, ಕ್ಯಾನ್ ಲೈನ್, ಅಂದರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಎರಡು ತಂತಿ, ನೋಡಬೇಕು. ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಎರಡೂ ತುದಿಯಲ್ಲಿ 120 ಓಮ್ ಇರುವುದರಿಂದ 60ರ ಹತ್ತಿರ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಕೆಲವು ಗಾಡಿಗಳಲ್ಲಿ ಸಾಕೆಟ್‌ಗೂ ಈ ಲೈನಿಗೂ ನಡುವೆ ಗೇಟ್‌ವೇ ಅನ್ನುವ ಇನ್ನೊಂದು ಪೆಟ್ಟಿಗೆ ಅಡ್ಡ ಇರುತ್ತದೆ, ಅಲ್ಲಿ ಈ ಲೆಕ್ಕ ಸಾಕೆಟ್‌ನಲ್ಲಿ ಸಿಗುವುದಿಲ್ಲ. ಬಾಡಿಗೆಗೆ ಓಡುವ ಕಾರುಗಳಲ್ಲಿ ಕಾರ್ಪೆಟ್ ಎತ್ತಿ ನೋಡುವುದನ್ನು ಮರೆಯಬೇಡಿ. ಒದ್ದೆ ಕಾಲು, ಬೀಚಿನ ಮರಳು, ಸೋರುವ ಬಾಗಿಲ ರಬ್ಬರ್, ಎಲ್ಲದರ ನೀರೂ ಅಲ್ಲಿರುವ ಕಪ್ಲರ್‌ಗೇ ಇಳಿಯುತ್ತದೆ.

ಇಸಿಎಂ ನಿಜವಾಗಿ ಸಾಯುವುದೂ ಉಂಟು. ಸಪ್ಲೈ ಚೆನ್ನಾಗಿದೆ, ಅರ್ಥ್ ಚೆನ್ನಾಗಿದೆ, 5 ವೋಲ್ಟ್ ಲೈನಿನ ಎಲ್ಲ ಸೆನ್ಸರ್ ಬಿಚ್ಚಿದ್ದೇನೆ, ಆ ತಂತಿಯನ್ನೂ ಕಪ್ಲರ್‌ನಿಂದ ಹೊರತೆಗೆದಿದ್ದೇನೆ, ಆದರೂ ಪೆಟ್ಟಿಗೆ 5 ವೋಲ್ಟ್ ಕೊಡುತ್ತಿಲ್ಲ ಅಂದರೆ ಆಗ ಒಳಗೇ ಕೆಟ್ಟಿದೆ ಅಂತ ಹೇಳುತ್ತೇನೆ. ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿದ್ದು, ಜಂಪ್ ಕೇಬಲ್ ಉಲ್ಟಾ ಹಾಕಿದ್ದು, ಒಳಗೆ ನೀರು ಹೋಗಿದ್ದು, ಇವು ಸಾಮಾನ್ಯ ಕಾರಣ. ಆಗಲೂ ಗುಜರಿಯಿಂದ ಹಳೆಯ ಪೆಟ್ಟಿಗೆ ತಂದು ಸಿಕ್ಕಿಸಿದರೆ ಗಾಡಿ ಚಾಲೂ ಆಗುವುದು ಅಪರೂಪ. ಸರಿಯಾದ ಕೀಲಿ ಗುರುತಿಸದೆ ಗಾಡಿ ಚಾಲೂ ಆಗಲು ಬಿಡದ ಇಮೊಬಿಲೈಸರ್ ಹೊಂದಿಸಬೇಕು. ಕಾಮನ್ ರೈಲ್ ಡೀಸೆಲ್ ಆದರೆ ಎಷ್ಟೋ ಗಾಡಿಗಳಲ್ಲಿ ಪ್ರತಿ ಇಂಜೆಕ್ಟರ್ ಮೇಲಿನ ಕೋಡನ್ನೂ ಹೊಸ ಇಸಿಎಂಗೆ ಬರೆಯಬೇಕು. ಸಾಧ್ಯವಿದ್ದರೆ ಹಳೆಯದರಲ್ಲಿರುವ ಡೇಟಾ ಮೊದಲೇ ಓದಿ ತೆಗೆದಿಟ್ಟುಕೊಳ್ಳಿ, ಆಮೇಲೆ ಅದನ್ನು ಬಿಚ್ಚಿ.