ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ತಿಂಗಳ ಲೆಕ್ಕ ಹಾಕುವುದು ಹೇಗೆ?

ಆಸ್ಪತ್ರೆಯ ಬಿಲ್ ಎಷ್ಟೇ ದೊಡ್ಡದಿರಲಿ, ಹೇಗೋ ಕಟ್ಟಿ ಮನೆಗೆ ಬರುತ್ತೇವೆ. ನೆಂಟರು ಕೊಡುತ್ತಾರೆ, ಬಳೆ ಗಿರವಿಗೆ ಹೋಗುತ್ತದೆ, ಆಫೀಸಿನಲ್ಲಿ ಅಡ್ವಾನ್ಸ್ ಕೇಳುತ್ತೇವೆ. ಮನೆ ಸೋಲುವುದು ಅಲ್ಲಿಂದ ಮುಂದೆ. ಡಿಸ್ಚಾರ್ಜ್ ಆದ ಮೇಲೆ ತಿಂಗಳುಗಟ್ಟಲೆ ನಡೆಯುವ ಮಾತ್ರೆ, ಆಟೋ, ಡೈಪರ್, ಫಿಸಿಯೋಥೆರಪಿ. ಒಂದೊಂದೂ ಚಿಕ್ಕ ಖರ್ಚು. ಒಟ್ಟು ಎಷ್ಟಾಯಿತು ಎಂದು ಯಾರೂ ಕೂಡಿಸಿರುವುದಿಲ್ಲ.

ಲಕ್ವ ಹೊಡೆದವರಿರುವ ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹಾಸನದಲ್ಲಿ ಒಂದು ಸಂಸಾರ ಎಂದುಕೊಳ್ಳಿ. ಮಗನಿಗೆ ಖಾಸಗಿ ಕಂಪನಿಯಲ್ಲಿ ಕೆಲಸ, ಕೈಗೆ ಬರುವ ಸಂಬಳ 26,000 ರೂಪಾಯಿ. ಸೊಸೆ ಮನೆಯಲ್ಲೇ ಬ್ಲೌಸ್ ಹೊಲಿದು ತಿಂಗಳಿಗೆ 8,000 ದುಡಿಯುತ್ತಿದ್ದರು. ಈಗ ಮಾವನಿಗೆ ಬಲಗೈ, ಬಲಗಾಲು ಸ್ವಾಧೀನವಿಲ್ಲ. ಈ ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ. ನಿಮ್ಮ ಮನೆಯ ಅಂಕಿಗಳನ್ನು ಆ ಜಾಗದಲ್ಲಿ ಬರೆದುಕೊಳ್ಳಿ.

1. ಒಂದೇ ಪುಸ್ತಕ, ಎರಡು ಲೆಕ್ಕ

ಒಂದು ನೋಟ್ ಪುಸ್ತಕ ಸಾಕು. ಎಡಗಡೆ ಮನೆಯ ಖರ್ಚು, ಬಲಗಡೆ ಕಾಯಿಲೆಯ ಖರ್ಚು. ಎರಡನ್ನೂ ಬೆರೆಸಬೇಡಿ. ಬೆರೆಸಿದರೆ ತಿಂಗಳ ಕೊನೆಯಲ್ಲಿ ದುಡ್ಡು ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುತ್ತದೆ, ಅದು ಜಗಳಕ್ಕೆ ಹೋಗಿ ನಿಲ್ಲುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ ಎಡಗಡೆ ಹೀಗಿದೆ: ಬಾಡಿಗೆ 7,000. ದಿನಸಿ, ಹಾಲು, ತರಕಾರಿ 8,000. ಮಗುವಿನ ಶಾಲೆ 2,500. ಗ್ಯಾಸ್, ಕರೆಂಟ್, ಮೊಬೈಲ್ 1,800. ಬೈಕ್ ಕಂತು 3,200. ಒಟ್ಟು 22,500.

ಬಲಗಡೆ: ಮಾತ್ರೆ 3,200. ದಿನಕ್ಕೆ ಮೂರರಂತೆ 35 ರೂಪಾಯಿಯ ಡೈಪರ್, 3,150. ಫಿಸಿಯೋಥೆರಪಿ ಮಾಡುವವರು ವಾರಕ್ಕೆ ಮೂರು ಸಲ ಮನೆಗೆ ಬರುತ್ತಾರೆ, ಒಂದು ಸಲಕ್ಕೆ 400, ತಿಂಗಳಿಗೆ 4,800. ಡಾಕ್ಟರ್ ಫೀಸು, ಆಟೋ ಸೇರಿ 1,000. ಒಟ್ಟು 12,150.

ಆಸ್ಪತ್ರೆಯ ಕ್ಯಾಂಟೀನ್ ಕಾಫಿ, ಪಾರ್ಕಿಂಗ್, ನೋಡಲು ಬಂದವರಿಗೆ ತಂದ ಬಿಸ್ಕತ್ತು, ಇವೂ ಬಲಗಡೆಗೇ ಸೇರಲಿ. ಮೊದಲ ತಿಂಗಳು ಯಾವ ಖರ್ಚನ್ನೂ ಕಡಿಮೆ ಮಾಡಲು ಹೋಗಬೇಡಿ. ಸುಮ್ನೆ ಬರೆಯಿರಿ. ವಾರಕ್ಕೊಮ್ಮೆ, ಭಾನುವಾರ ಕೂತು ಕೂಡಿಸಿ. ಕಾಯಿಲೆಯ ಖರ್ಚು ತಿಂಗಳ ಒಂದನೇ ತಾರೀಕು ನೋಡಿಕೊಂಡು ಬರುವುದಿಲ್ಲ, ಅದಕ್ಕೆ ವಾರದ ಲೆಕ್ಕವೇ ಸರಿ.

2. ನಿಂತುಹೋದ ದುಡಿಮೆಯನ್ನೂ ಬರೆಯಿರಿ

ಇದನ್ನು ಬಹಳಷ್ಟು ಮನೆಗಳಲ್ಲಿ ಬರೆಯುವುದೇ ಇಲ್ಲ. ಸೊಸೆ ಮೊದಲು 8,000 ದುಡಿಯುತ್ತಿದ್ದರು. ಈಗ ಮಾವನಿಗೆ ಸ್ನಾನ ಮಾಡಿಸಿ, ಊಟ ತಿನ್ನಿಸಿ, ಮಗ್ಗುಲು ಬದಲಾಯಿಸಿ, ಹೊಲಿಗೆ ಮಷೀನಿನ ಮುಂದೆ ಕೂರುವ ಹೊತ್ತಿಗೆ ಸಂಜೆಯಾಗುತ್ತದೆ. ಬರುವುದು 3,000. ಹೋದ 5,000 ಯಾವ ಬಿಲ್ಲಿನಲ್ಲೂ ಇಲ್ಲ. ಆದರೆ ಈ ಮನೆಯ ಕಾಯಿಲೆಯ ಖರ್ಚುಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಮಾತ್ರೆಗಿಂತ ಜಾಸ್ತಿ, ಫಿಸಿಯೋಥೆರಪಿಗಿಂತಲೂ ಜಾಸ್ತಿ.

ಈಗ ಆದಾಯ 29,000. ಮನೆ ಖರ್ಚು ಕಳೆದರೆ ಉಳಿಯುವುದು 6,500. ಬೇಕಿರುವುದು 12,150. ತಿಂಗಳಿಗೆ 5,650 ಕೊರತೆ. ಸೊಸೆಯ ನಿಂತ ದುಡಿಮೆಯೂ ಹೆಚ್ಚುಕಮ್ಮಿ ಅಷ್ಟೇ ಇದೆ ನೋಡಿ.

3. ಮುಟ್ಟಬಾರದ ಖರ್ಚುಗಳಿಗೆ ಗೆರೆ ಎಳೆಯಿರಿ

ಲಕ್ವ ಹೊಡೆದವರ ಬಿಪಿ, ಶುಗರ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು ದುಡ್ಡಿಲ್ಲ ಎಂದು ದಿನ ಬಿಟ್ಟು ದಿನ ಕೊಡುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆ ತಪ್ಪಿದರೆ ಎರಡನೇ ಸಲ ಲಕ್ವ ಹೊಡೆಯುವ ಅಪಾಯ ಹೆಚ್ಚುತ್ತದೆ, ಮತ್ತೆ ಐಸಿಯು ನೋಡಬೇಕಾಗುತ್ತದೆ. ಉಳಿಸಿದ ನೂರು ಇನ್ನೂರು ರೂಪಾಯಿ ಎಲ್ಲಿಗೂ ಸಾಲುವುದಿಲ್ಲ.

ಮಕ್ಕಳ ಹಾಲು, ಮೊಟ್ಟೆ, ಶಾಲೆ ಫೀಸನ್ನೂ ಮುಟ್ಟಬೇಡಿ. ನೋಡಿಕೊಳ್ಳುವವರ ಊಟವನ್ನೂ. ಮನೆಯ ಹೆಂಗಸರು ಮೊದಲು ಕಡಿಮೆ ಮಾಡುವುದು ತಮ್ಮ ತಟ್ಟೆಯಲ್ಲೇ ಅಲ್ವಾ? ಅವರ ಸ್ವಂತ ಬಿಪಿ ಮಾತ್ರೆಯೂ ಅದರ ಜೊತೆಗೇ ನಿಂತಿರುತ್ತದೆ. ಮನೆಯವರು ಇದನ್ನು ಕೇಳಿ ನೋಡಬೇಕು.

4. ಉಳಿದದ್ದನ್ನು ಒಂದೊಂದಾಗಿ ಇಳಿಸಿ

ಮಾತ್ರೆಯಿಂದ ಶುರು ಮಾಡಿ. ಡಾಕ್ಟರ ಹತ್ತಿರ ಚೀಟಿ ಹಿಡಿದು ನೇರವಾಗಿ ಕೇಳಿ: "ಡಾಕ್ಟ್ರೇ, ಇದರಲ್ಲಿ ಯಾವುದು ಜನೌಷಧಿಯಲ್ಲಿ ತಗೋಬಹುದು? ಯಾವುದನ್ನು ನಿಲ್ಲಿಸಬಹುದು?" ನಾಚಿಕೆ ಬೇಡ. ಎರಡನೇ ಪ್ರಶ್ನೆಯೂ ಮುಖ್ಯ. ಆಸ್ಪತ್ರೆಯಲ್ಲಿದ್ದಾಗ ಬರೆದ ವಿಟಮಿನ್, ಗ್ಯಾಸ್ ಮಾತ್ರೆ ಎಷ್ಟೋ ಸಲ ಯಾರೂ ನಿಲ್ಲಿಸಿ ಎನ್ನದ ಕಾರಣಕ್ಕೇ ಮುಂದುವರಿಯುತ್ತಿರುತ್ತವೆ. ಅಟಾರ್ವಾಸ್ಟಾಟಿನ್, ಕ್ಲೊಪಿಡೋಗ್ರೆಲ್, ಅಮ್ಲೋಡಿಪಿನ್‌ನಂಥ ಸಾಮಾನ್ಯ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡಿನವಕ್ಕಿಂತ ತುಂಬಾ ಕಡಿಮೆ ಬೆಲೆಗೆ ಸಿಗುತ್ತವೆ. ಬಿಪಿ, ಶುಗರ್ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ. ಅಂಗಡಿಯವರ ಮಾತಿನ ಮೇಲೆ ನೀವೇ ಮಾತ್ರೆ ಬದಲಾಯಿಸಬೇಡಿ, ಡಾಕ್ಟರಿಗೆ ತೋರಿಸಿ. ನಮ್ಮ ಉದಾಹರಣೆಯ ಮನೆಯಲ್ಲಿ 3,200 ಇದ್ದದ್ದು 1,400ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ.

ಡೈಪರ್: ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಯೂರಿನ್ ಪಾಟ್ ಕೊಟ್ಟು ಅಭ್ಯಾಸ ಮಾಡಿಸಿದರೆ ಎಷ್ಟೋ ಜನರಿಗೆ ಡೈಪರ್ ಬೇಕಾಗುವುದು ರಾತ್ರಿ ಮತ್ತು ಆಸ್ಪತ್ರೆಗೆ ಹೋಗುವಾಗ ಮಾತ್ರ. ಚರ್ಮಕ್ಕೂ ಒಳ್ಳೆಯದು, ಅವರ ಮನಸ್ಸಿಗೂ ಒಳ್ಳೆಯದು. ತಿಂಗಳಿಗೆ 45 ಡೈಪರ್ ಸಾಕಾದರೆ 1,575. ಆದರೆ ಒದ್ದೆಯಾದ ಡೈಪರನ್ನು ಉಳಿತಾಯಕ್ಕೆಂದು ಹಾಗೇ ಬಿಡಬೇಡಿ. ಬೆನ್ನ ಕೆಳಗೆ ಒಂದು ಹುಣ್ಣಾದರೆ ಡ್ರೆಸ್ಸಿಂಗ್ ಖರ್ಚು ಡೈಪರಿಗಿಂತ ಹೆಚ್ಚು.

ಫಿಸಿಯೋಥೆರಪಿ: ಲಕ್ವ ಹೊಡೆದ ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಚುರುಕಾಗಿರುತ್ತದೆ. ಆಗ ಇದನ್ನು ನಿಲ್ಲಿಸಿದರೆ ನಷ್ಟ. ಬರುವವರನ್ನೇ ಕೇಳಿ, "ವಾರಕ್ಕೆ ಎರಡು ಸಲ ನೀವು ಬನ್ನಿ, ಉಳಿದ ದಿನ ನಾವು ಮಾಡಿಸುತ್ತೇವೆ, ಹೇಗೆಂದು ಕಲಿಸಿಕೊಡಿ". ಅವರು ಒಪ್ಪಿದರೆ ಮಾತ್ರ ಕಡಿಮೆ ಮಾಡಿ. ಮಾಡಿಸುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಹೀಗೆ 3,200 ಆಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ ಇದೆಯಾ ಎಂದೂ ವಿಚಾರಿಸಿ.

ಗಾಲಿಕುರ್ಚಿ, ಕಮೋಡ್ ಕುರ್ಚಿ, ಏರ್ ಬೆಡ್ ಹೊಸದು ಕೊಳ್ಳುವ ಮುಂಚೆ ಓಣಿಯಲ್ಲಿ, ನೆಂಟರಲ್ಲಿ ಕೇಳಿ. ಯಾರದ್ದೋ ಮನೆಯ ಅಟ್ಟದ ಮೇಲೆ ಒಂದು ಇದ್ದೇ ಇರುತ್ತದೆ. ಬಾಡಿಗೆಗೂ ಸಿಗುತ್ತದೆ.

ಈಗ ಬಲಗಡೆಯ ಮೊತ್ತ 7,175. ಕೊರತೆ 5,650 ಇದ್ದದ್ದು 675ಕ್ಕೆ ಬಂತು.

5. ನೋಡಿಕೊಳ್ಳುವವರಿಗೆ ಎರಡು ಗಂಟೆ ಬಿಡುವು ಕೊಡಿ

ಆ 675ಕ್ಕೆ ಇನ್ನೇನು ಕತ್ತರಿಸುವುದು ಎಂದು ಹುಡುಕಬೇಡಿ. ದಿನಕ್ಕೆ ಎರಡು ಗಂಟೆ ಸೊಸೆಯನ್ನು ಮಷೀನಿನ ಮುಂದೆ ಕೂರಲು ಬಿಡಿ. ತಿಂಗಳಿಗೆ ಎರಡು ಸಾವಿರದ ಹೊಲಿಗೆ ವಾಪಸ್ ಬಂದರೂ ಲೆಕ್ಕ ಸರಿಹೋಗಿ ಸ್ವಲ್ಪ ಮಿಗುತ್ತದೆ. ಆ ಎರಡು ಗಂಟೆ ಮಾವನ ಹತ್ತಿರ ಯಾರು ಇರಬೇಕು ಎಂಬುದನ್ನು ಹೆಸರು ಹಾಕಿ ಬರೆಯಿರಿ. ಸಂಜೆ ಏಳರಿಂದ ಒಂಬತ್ತು ಮಗ. ಭಾನುವಾರ ಬೆಳಿಗ್ಗೆ ಮಗಳು. "ಯಾರಾದರೂ ನೋಡಿಕೊಳ್ಳಿ" ಅಂದರೆ ಅದು ತಿರುಗಿ ಸೊಸೆಯ ಮೇಲೇ ಬೀಳುತ್ತದೆ.

ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಎಲ್ಲರೂ ಒಮ್ಮೆ ಕೂತು ಮಾತಾಡಿ. ಬೆಂಗಳೂರಿನಲ್ಲಿರುವ ತಮ್ಮ ಬಂದು ನೋಡಿಕೊಳ್ಳಲು ಆಗದಿದ್ದರೆ ತಿಂಗಳಿಗೆ ಇಷ್ಟು ಎಂದು ಕಳಿಸಲಿ. ದುಡ್ಡು ಕೊಡಲಾಗದ ತಂಗಿ ತಿಂಗಳಲ್ಲಿ ನಾಲ್ಕು ದಿನ ಬಂದಿರಲಿ. ದುಡ್ಡು ಬರೆದ ಪುಟದಲ್ಲೇ ದಿನಗಳನ್ನೂ ಬರೆಯಿರಿ. ಮನೆಯಲ್ಲಿಟ್ಟು ನೋಡಿಕೊಳ್ಳುವವರದ್ದು ಕೊಡುಗೆಯೇ ಅಲ್ಲ ಎಂಬಂತೆ ಮಾತಾಡುವುದು ಅನ್ಯಾಯ. ಲೆಕ್ಕದ ಪುಟದ ಫೋಟೋ ತಿಂಗಳಿಗೊಮ್ಮೆ ಮನೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿ. ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಹಾಸಿಗೆಯಲ್ಲಿರುವವರಿಗೂ ಲೆಕ್ಕ ತಿಳಿಸಿ. ಮಾತು ಬಾರದಿದ್ದರೂ ಅವರಿಗೆ ಅರ್ಥವಾಗುತ್ತಿರಬಹುದು. ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೆ ತಾನೊಂದು ಹೊರೆ ಎಂದು ಕೊರಗುತ್ತಾರೆ.

6. ಯೋಜನೆಗಳನ್ನು ಅಡ್ಮಿಟ್ ಆಗುವ ಮುಂಚೆ ಕೇಳಿ

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಮಾಮೂಲಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರ್ ಮಾಡಿ ಕೊಡುತ್ತಾರೆ. ತುರ್ತಿದ್ದರೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಅಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ದುಡ್ಡು ಕಟ್ಟುವ ಮುಂಚೆಯೇ ಅವರನ್ನು ಹುಡುಕಿ ಮಾತಾಡಿ, ಆಮೇಲೆ ಕೇಳಿ ಪ್ರಯೋಜನ ಕಡಿಮೆ. ಮಾಹಿತಿ ಬೇಕಿದ್ದರೆ 104ಕ್ಕೆ ಕರೆ ಮಾಡಿ.

ಮನೆಯಲ್ಲಿ ಯಾರದ್ದಾದರೂ ಸಂಬಳ 21,000ದೊಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದ್ದರೆ, ಅವರನ್ನೇ ನೆಚ್ಚಿಕೊಂಡಿರುವ ತಂದೆ ತಾಯಿಗೂ ಇಎಸ್‌ಐ ಚಿಕಿತ್ಸೆ ಸಿಗುತ್ತದೆ. ಕಾರ್ಡಿನಲ್ಲಿ ಅವರ ಹೆಸರು ಸೇರಿದೆಯಾ ನೋಡಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆ ಸಂಘದಲ್ಲೇ ಕೇಳಿ, ನೋಂದಣಿಗೆ ಪ್ರತಿ ವರ್ಷ ಗಡುವು ಇರುತ್ತದೆ. ಅಂಗವೈಕಲ್ಯ ಶೇ 40 ಅಥವಾ ಹೆಚ್ಚು ಉಳಿದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಬಹುದು.

ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನು ತಿಂಗಳ ಆದಾಯಕ್ಕೆ ಸೇರಿಸಬೇಡಿ. ಕೆಲವೊಮ್ಮೆ ತಡವಾಗುತ್ತದೆ. ಬಂದಾಗ ಬೇರೆ ಇಟ್ಟು ತುರ್ತು ಖರ್ಚಿಗೆ ಬಳಸಿ. ಬೇರೆ ಊರಿನ ಆಸ್ಪತ್ರೆಗೆ ರಿಪೋರ್ಟ್ ತರುವ, ಮಾತ್ರೆ ತರುವ ಓಡಾಟವನ್ನು ಮನೆಯ ಹೆಂಗಸರು ಮಾಡುವಂತಿದ್ದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ ಖರ್ಚಿಲ್ಲ.

7. ಸಾಲ ಮಾಡಲೇಬೇಕಾದರೆ

ಬಡ್ಡಿಯನ್ನು ವರ್ಷಕ್ಕೆ ಲೆಕ್ಕ ಹಾಕಿ ನೋಡಿ. ನೂರಕ್ಕೆ ಮೂರು ರೂಪಾಯಿ ಅಂದರೆ ಕೇಳಲು ಕಡಿಮೆ. ಒಂದು ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000 ಬಡ್ಡಿಯೇ ಆಯಿತು. ಅಸಲು ಹಾಗೇ ಕೂತಿರುತ್ತದೆ. ಬ್ಯಾಂಕಿನ ಚಿನ್ನದ ಸಾಲಕ್ಕೆ ಬಡ್ಡಿ ಇದರ ಹತ್ತಿರಕ್ಕೂ ಬರುವುದಿಲ್ಲ. ಪಿಎಫ್ ಇದ್ದರೆ ತಂದೆ ತಾಯಿಯ ಕಾಯಿಲೆಗೂ ಮುಂಗಡ ತೆಗೆಯಬಹುದು, ಅದು ಸಾಲವಲ್ಲ, ವಾಪಸ್ ಕಟ್ಟಬೇಕಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ ಕಟ್ಟಿ ಕನಿಷ್ಠ ಮೊತ್ತ ಮಾತ್ರ ತೀರಿಸುತ್ತಾ ಹೋಗುವುದು, ಮೊಬೈಲ್ ಆ್ಯಪ್ ಸಾಲ, ಮೀಟರ್ ಬಡ್ಡಿ, ಈ ಮೂರರ ಹತ್ತಿರ ಹೋಗಬೇಡಿ.

ಬೈಕ್ ಕಂತು ಕಟ್ಟಲಾಗದು ಎಂದು ಗೊತ್ತಾದರೆ ತಪ್ಪುವ ಮುಂಚೆಯೇ ಸಾಲ ಕೊಟ್ಟವರ ಕಚೇರಿಗೆ ಡಿಸ್ಚಾರ್ಜ್ ಸಮ್ಮರಿ ಹಿಡಿದು ಹೋಗಿ. ಕಂತಿನ ಮೊತ್ತ ಇಳಿಸಿ ಅವಧಿ ಹೆಚ್ಚಿಸಲು ಕೇಳಿ. ಒಪ್ಪಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ.

8. ಹಾಸಿಗೆ ಹಿಡಿದವರ ಹೆಸರಿನಲ್ಲಿರುವ ಹಣ

ಪಿಂಚಣಿಯೋ ಡೆಪಾಸಿಟ್ಟೋ ಅವರ ಹೆಸರಿನಲ್ಲಿ ಇರುತ್ತದೆ, ಆದರೆ ಸಹಿ ಹಾಕುವ ಕೈಯೇ ಬಿದ್ದಿರುತ್ತದೆ. ಅವರ ಹಣ ಬ್ಯಾಂಕಿನಲ್ಲಿದ್ದೂ ಮನೆಯವರು ಬಡ್ಡಿಗೆ ತರುತ್ತಾರೆ. ಸಹಿ ಮಾಡಲಾಗದವರ ಹೆಬ್ಬೆಟ್ಟಿನ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಮ್ಯಾನೇಜರಿಗೆ ಒಂದು ಅರ್ಜಿ ಬರೆದು, ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿ, ಮನೆಗೆ ಬಂದು ನೋಡುವಂತೆ ಕೇಳಿ. ಎಟಿಎಂ ಪಿನ್ ತಿಳಿದುಕೊಂಡು ಗುಟ್ಟಾಗಿ ತೆಗೆಯುವ ದಾರಿ ಬೇಡ, ಮುಂದೆ ಅದೇ ಅಣ್ಣತಮ್ಮಂದಿರ ನಡುವೆ ಮಾತಿಗೆ ಕಾರಣವಾಗುತ್ತದೆ. ನಾಮಿನಿ ಹೆಸರು ಇದೆಯಾ ಎಂದು ಅದೇ ದಿನ ನೋಡಿ, ಇಲ್ಲದಿದ್ದರೆ ಅವರನ್ನೇ ಕೇಳಿ ಬರೆಸಿ. ಪಿಂಚಣಿದಾರರಾದರೆ ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣಪತ್ರವನ್ನು ಅಂಚೆಯವರು ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ಮಾಡಿಕೊಡುತ್ತಾರೆ. ಅಂಚೆ ಕಚೇರಿಯಲ್ಲಿ ಮುಂಚಿತವಾಗಿ ಹೇಳಿಟ್ಟಿರಿ, ನವೆಂಬರಿನಲ್ಲಿ ಅವರಿಗೆ ಕೆಲಸ ಜಾಸ್ತಿ ಇರುತ್ತದೆ.