ಕ್ಯಾಟ್ ಬರೆಯುವವರೇ, ಪ್ರಶ್ನೆ ಬಿಡುವುದನ್ನು ಮೊದಲು ಕಲಿಯಿರಿ

ಕ್ಯಾಟ್‌ನಲ್ಲಿ ಲೆಕ್ಕ ಬಾರದವರಿಗಿಂತ ಲೆಕ್ಕದಲ್ಲಿ ಚುರುಕಾದವರೇ ಜಾಸ್ತಿ ಎಡವುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಹುಡುಗರನ್ನು ನೋಡುತ್ತಲೇ ಇದ್ದೇನೆ. ಕೈಗೆ ಸಿಕ್ಕ ಪ್ರಶ್ನೆ ಬಿಡಲು ಅವರಿಗೆ ಮನಸ್ಸೇ ಬರುವುದಿಲ್ಲ.

ಎಂಬಿಎಗಾಗಿ ಐಐಎಂಗಳು ಸರದಿಯಂತೆ ನಡೆಸುವ ಪರೀಕ್ಷೆ ಇದು, ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ಇಂಗ್ಲಿಷ್, ಡೇಟಾ-ಲಾಜಿಕ್, ಗಣಿತ ಅಂತ ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಒಂದರಲ್ಲಿ ಉಳಿಸಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ. ಉತ್ತರ ಸರಿಯಾದರೆ 3 ಅಂಕ, ಆಯ್ಕೆ ಕೊಟ್ಟ ಪ್ರಶ್ನೆ ತಪ್ಪಾದರೆ 1 ಅಂಕ ಕಟ್. ಉತ್ತರ ಟೈಪ್ ಮಾಡುವ ಪ್ರಶ್ನೆಗೆ ಕಟ್ ಇಲ್ಲ, ಅದನ್ನು ಖಾಲಿ ಬಿಡಬೇಡಿ.

ಅರ್ಜಿ ತುಂಬುವುದು ಸುಲಭ, ಜಾತಿ ಪ್ರಮಾಣಪತ್ರವೊಂದನ್ನು ಬಿಟ್ಟು. ನಮ್ಮ 2ಎ, 3ಬಿ ಇಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಇನ್ನು ನಿಜವಾದ ತಲೆನೋವು, ಡೇಟಾ-ಲಾಜಿಕ್. 2024ರಲ್ಲಿ ಇಲ್ಲಿ 22 ಪ್ರಶ್ನೆ, ಐದು ಸೆಟ್. ಒಂದೇ ಮಾಹಿತಿಯ ಮೇಲೆ ನಾಲ್ಕೈದು ಪ್ರಶ್ನೆ, ಹಾಗಾಗಿ ತಪ್ಪು ಸೆಟ್ ಹಿಡಿದರೆ ಹದಿನೈದು ನಿಮಿಷ ಹೋಗಿ ಕೈಗೆ ಏನೂ ಬರುವುದಿಲ್ಲ. ಮೊದಲ ಐದು ನಿಮಿಷ ಏನನ್ನೂ ಬಿಡಿಸಬೇಡಿ, ಐದೂ ಸೆಟ್ ಸುಮ್ನೆ ಓದಿ. ಕೊಪ್ಪೀಕರ್ ರಸ್ತೆಯಲ್ಲಿ ಸಾಲಾಗಿ ಆರು ಅಂಗಡಿ ಇವೆ ಅಂತ ಒಂದು ಸೆಟ್ ಬಂತು ಅಂದುಕೊಳ್ಳಿ. ‘ಮೂರನೆಯದು ಬಟ್ಟೆ ಅಂಗಡಿ, ಅದರ ಬಲಕ್ಕೇ ಔಷಧಿ ಅಂಗಡಿ’ ಅಂತ ಇದ್ದರೆ ಎರಡು ಖಾನೆ ಆಗಲೇ ತುಂಬಿದವು, ಹಿಡಿಯಿರಿ. ‘ಬಟ್ಟೆ ಅಂಗಡಿ ತುದಿಯಲ್ಲಿದ್ದರೆ ಔಷಧಿ ಅಂಗಡಿ ನಡುವೆ ಇಲ್ಲ’ ಅಂತ ಬರೀ ‘ಇದ್ದರೆ’ಗಳೇ ತುಂಬಿದ್ದರೆ ಕೊನೆಗೆ ಇಟ್ಟುಕೊಳ್ಳಿ. ಹಿಡಿದ ಸೆಟ್‌ನಲ್ಲೂ ಐದಾರು ನಿಮಿಷಕ್ಕೆ ಒಂದು ಖಾನೆಯೂ ತುಂಬಲಿಲ್ಲವೋ, ಅದನ್ನು ಬಿಟ್ಟು ಬೇರೆ ಸೆಟ್‌ಗೆ ಹೋಗಿ. ಅಷ್ಟೆಲ್ಲ ಬರೆದಿದ್ದೇನಲ್ಲ ಅನ್ನುವ ಆಸೆಯೇ ಮುಳುಗಿಸುವುದು. ಇಲ್ಲಿ ಪರ್ಸೆಂಟೈಲ್ ಅಂದರೆ ಶೇಕಡಾವಾರು ಅಂಕವಲ್ಲ, ಎಷ್ಟು ಜನರಿಗಿಂತ ಮುಂದಿದ್ದೀರಿ ಅನ್ನುವ ಲೆಕ್ಕ. ಎಲ್ಲರಿಗೂ ಕಷ್ಟವಾದ ಸೆಟ್ ಬಿಟ್ಟರೆ ನಿಮಗೇನೂ ನಷ್ಟವಿಲ್ಲ.

ಅಭ್ಯಾಸಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳೇ ಬೆಸ್ಟ್, ಗಡಿಯಾರ ಇಟ್ಟುಕೊಂಡು. ಟೆಲಿಗ್ರಾಂನಲ್ಲಿ ಓಡಾಡುವ ‘ನೂರು ಟ್ರಿಕ್ಸ್’ ಪಿಡಿಎಫ್ ಅಳಿಸಿಬಿಡಿ. ‘99 ಪರ್ಸೆಂಟೈಲ್ ಗ್ಯಾರಂಟಿ’ ಬೋರ್ಡ್ ಕಂಡರೆ ಒಳಗೇ ಹೋಗಬೇಡಿ. ಮಾಕ್ ಟೆಸ್ಟ್ ಬರೆದ ದಿನವೇ ಯಾವ ಸೆಟ್ ಬಿಡಬೇಕಿತ್ತು ಅಂತ ನೋಡಿ. ನನ್ನ ಕೇಳಿದರೆ, ಆ ನೋಡುವಿಕೆ ಇಲ್ಲದ ಮಾಕ್ ಬರೆಯುವುದೇ ದಂಡ.

ಧಾರವಾಡದಲ್ಲೇ, ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಎಂಬಿಎ ಮಾಡುವವರಿಗೆ ಇಷ್ಟೆಲ್ಲ ಬೇಡ, ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಸಾಕು. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಅಲ್ಲಿ ಮಾತ್ರ ಒಂದು ಪ್ರಶ್ನೆಯನ್ನೂ ಬಿಡಬೇಡಿ.