ಗೇರಿನ ಟೀ ಸೊಳ್ಳೆ: ಎರಡು ಜಾತಿ ಬೇರೆ ಮಾಡಿದ ನನ್ನ ಅನುಭವ

ಟೀ ಸೊಳ್ಳೆ ಸೊಳ್ಳೆಯಲ್ಲ, ಚಿಗುರಿನ ರಸ ಹೀರುವ ಹೆಲೊಪೆಲ್ಟಿಸ್ ಕುಲದ ತಿಗಣೆ. ನಮ್ಮ ಗೇರು ತೋಟದಲ್ಲಿ ಅದು ಎರಡು ಜಾತಿ ಇದೆ ಎಂದಾಗ ಯಾರೂ ಒಪ್ಪಲಿಲ್ಲ. "ಗೇರಿಗೆ ಬರೋದು ಆಂಟೋನಿಯೇ ಮಾರಾಯ್ರೆ, ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಇರ್ತದೆ" ಎಂದರು. ಆಂಟೋನಿ ಅಂದರೆ ಅದರಲ್ಲಿ ಒಂದು ಜಾತಿ, ಹೆಲೊಪೆಲ್ಟಿಸ್ ಆಂಟೋನಿ. ಬಣ್ಣದ ಮಾತು ನಿಜ. ಎರಡು ಜಾತಿ ಇದ್ದದ್ದೂ ನಿಜ. ಅದನ್ನು ತೋರಿಸಲು ನನಗೆ ಮೂರು ಸೀಸನ್ ಬೇಕಾಯಿತು.

ಮೊದಲ ಸೀಸನ್ ಪೂರ್ತಿ ಹಾಳು. ಹಿಡಿದದ್ದನ್ನೆಲ್ಲ, ಸುಮಾರು 60 ಹುಳ, ಒಂದೇ ಸ್ಪಿರಿಟ್ ಬಾಟಲಿಗೆ ಹಾಕಿದ್ದೆ. ತಿಂಗಳು ಬಿಟ್ಟು ತೆಗೆದರೆ ಮೈ ಒಂದು ಕಡೆ, ಕಾಲು ಮೀಸೆ ಇನ್ನೊಂದು ಕಡೆ. ಕೆಂಪು ಬಣ್ಣವೂ ಮಾಸಿತ್ತು. ಯಾವ ಕಾಲು ಯಾವ ಹುಳದ್ದು ಅಂತ ಹೇಗೆ ಹೇಳೋದು? ಈಗ ಈಥೈಲ್ ಅಸಿಟೇಟ್ ಹಾಕಿ ಕೊಂದು, ಅದೇ ಸಂಜೆ ಕಾರ್ಡಿನ ತ್ರಿಕೋನದ ತುದಿಗೆ ಬಲಮಗ್ಗುಲು ಅಂಟಿಸುತ್ತೇನೆ. ಎಡಮಗ್ಗುಲು ಪೂರ್ತಿ ಕಾಣಬೇಕು.

ಎರಡನೇ ಸೀಸನ್ನಿನ ಅರ್ಧ ಪೆಟ್ಟಿಗೆಯನ್ನು ಇರುವೆ ತಿಂದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದುಡ್ಡಿನ ವಿಷಯ. ಮೊದಲು ಕೊಂಡ ಯುಎಸ್‌ಬಿ ಕ್ಯಾಮೆರಾ, ನಾಲ್ಕು ಸಾವಿರ ಹತ್ತಿರ, ಪೂರ್ತಿ ದಂಡ. ಆಮೇಲೆ ಸೆಕೆಂಡ್ ಹ್ಯಾಂಡ್ ಸ್ಟೀರಿಯೊ ಮೈಕ್ರೋಸ್ಕೋಪಿಗೆ 22 ಸಾವಿರದಷ್ಟು ಕೊಟ್ಟೆ. ಮನೆಯಲ್ಲಿ ಒಂದು ವಾರ ಮಾತಿಲ್ಲ. ಉಳಿದದ್ದೆಲ್ಲ ಸೇರಿ ಎರಡು ಸಾವಿರ ದಾಟಿಲ್ಲ. ಬಿಡಿಸಲು ಇನ್ಸುಲಿನ್ ಸೂಜಿಯೇ ಸಾಕು.

ದಾರಿ ಸಿಕ್ಕಿದ್ದು ಮೂರನೇ ಸೀಸನ್ನಿನಲ್ಲಿ. ಕುಂಡದ ಗೇರು ಸಸಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ, ಒಂದು ಸಸಿಗೆ ಒಂದೇ ಹೆಣ್ಣನ್ನು ಬಿಟ್ಟೆ. ಮೊಟ್ಟೆ ಎಳೆ ಚಿಗುರಿನ ಒಳಗೆ ಹೋಗಿರುತ್ತದೆ. ಹೊರಗೆ ಕಾಣೋದು ಎರಡು ಬಿಳಿ ಕೂದಲು ಮಾತ್ರ, ಒಂದು ಉದ್ದ, ಒಂದು ಗಿಡ್ಡ. ಚಿಗುರನ್ನು ಬೆಳಕಿಗೆ ಅಡ್ಡ ಹಿಡಿದು ಲೆನ್ಸಿನಲ್ಲಿ ನೋಡಿದರೆ ಮಿನುಗುತ್ತವೆ. ಅದನ್ನು ಮೊದಲ ಸಲ ಕಂಡ ಮಧ್ಯಾಹ್ನ ನಾನು ಊಟಕ್ಕೆ ಏಳಲಿಲ್ಲ. ದೊಡ್ಡ ಹುಳದ ಬೆನ್ನ ಮೇಲೆ ಗುಂಡುಸೂಜಿಯಂಥ ಮುಳ್ಳು ಇರುತ್ತದೆ, ಒಡೆದು ಬಂದ ಮರಿಗೆ ಆ ಗುಂಡುಸೂಜಿ ಇರುವುದಿಲ್ಲ. ಒಂದು ಸಲ ಪೊರೆ ಬಿಟ್ಟ ಮೇಲೆ ಮೊಳಕೆಯ ಹಾಗೆ ಏಳುತ್ತದೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಒಂದು ತಿಂಗಳು.

ಒಬ್ಬಳೇ ತಾಯಿಯ 19 ಮಕ್ಕಳು ಬೆಳೆದವು. ಕೆಲವದರ ಎದೆ ಕೆಂಪು, ಕೆಲವದರದು ಹೆಚ್ಚುಕಡಿಮೆ ಕಪ್ಪು! ಬಣ್ಣ ನೋಡಿ ಜಾತಿ ಹೇಳುವ ವಾದ ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು. ಆಗಷ್ಟೇ ಪೊರೆ ಬಿಟ್ಟವು ಇನ್ನೂ ಪೇಲವವಾಗಿರುತ್ತವೆ. ಎರಡು ದಿನ ಚಿಗುರು ತಿನ್ನಲು ಬಿಟ್ಟೇ ಕೊಲ್ಲಿ.

ಜಾತಿ ಗುರುತಿಸಲು ಉಳಿದದ್ದು ಗಂಡಿನ ಜನನಾಂಗ. ಹೊಟ್ಟೆಯ ತುದಿಯನ್ನು ಕತ್ತರಿಸಿ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಹಾಕೋದು ಎಲ್ಲರಿಗೂ ಗೊತ್ತು. ನಾನು ಶುರುವಿನಲ್ಲಿ ಕುದಿಸುತ್ತಿದ್ದೆ. ಏಳೆಂಟು ಮಾದರಿ ಗಾಜಿನ ಹಾಗೆ ಪಾರದರ್ಶಕವಾಗಿ ಹೋದವು, ಏನೂ ಕಾಣಲಿಲ್ಲ. ಈಗ ತಣ್ಣಗಿನದ್ದರಲ್ಲೇ ಒಂದು ರಾತ್ರಿ ಬಿಡುತ್ತೇನೆ, ಬೆಳಿಗ್ಗೆ ನೀರು, ಆಮೇಲೆ ಗ್ಲಿಸರಿನ್. ವೆಸಿಕಾ, ಅಂದರೆ ಆ ಜನನಾಂಗದ ಒಳಗಿನ ಮೆತ್ತನೆಯ ಚೀಲದಂಥ ಭಾಗ, ಹರಿಯದ ಹಾಗೆ ಬಿಡಿಸಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ. ವೆಸಿಕಾದ ಹಾಲೆಯ ಮೇಲಿರುವ ಗಟ್ಟಿ ತುಣುಕು, ಅದರ ಹಲ್ಲುಗಳು, ಇಷ್ಟರಲ್ಲೇ ಇದೆ ಉತ್ತರ.

41 ಗಂಡು ಬಿಡಿಸಿದೆ. 33 ಒಂದೇ ಥರ. ಎಂಟು ಬೇರೆಯೇ ಥರ, ಬಣ್ಣದಲ್ಲಿ ಮಾತ್ರ ಅವುಗಳ ಅಣ್ಣತಮ್ಮಂದಿರಂತೆ. ಸ್ಟೋನ್‌ಡಾಲ್ ಎಂಬ ಕೀಟತಜ್ಞರು 1991ರಲ್ಲಿ ಈ ಕುಲದ ಬಗ್ಗೆ ಕೊಟ್ಟ ಚಿತ್ರಗಳ ಪಕ್ಕ ಇಟ್ಟು ನೋಡಿದೆ. 33 ಆಂಟೋನಿ, ಎಂಟು ಅದೇ ಕುಲದ ಇನ್ನೊಂದು ಜಾತಿ, ಬ್ರಾಡಿ. ಸಿಗ್ನೋರೆ 1858ರಲ್ಲಿ ಹೆಸರಿಟ್ಟ ಆಂಟೋನಿ ಎಲ್ಲರ ಬಾಯಲ್ಲಿದೆ, ಬ್ರಾಡಿಯನ್ನು ನಮ್ಮ ಕಡೆ ಕೇಳಿದವರೇ ಕಡಿಮೆ. ಗುರುತು ಬರೆಯದೆ ಎರಡೂ ಥರದ್ದನ್ನು ಒಬ್ಬ ವರ್ಗೀಕರಣ ತಜ್ಞರಿಗೆ ಕಳಿಸಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು: ಅವೇ ಎರಡು ಹೆಸರು. "ಇರ್ತದೆ ಮಾರಾಯ್ರೆ" ಎಂದವರೂ ಬಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಹೋದರು.

ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಗೇರಿನ ಮೇಲಿನ ಮರಿಗಳನ್ನು ಪೇರಳೆ ಚಿಗುರಿಗೆ ಬಿಟ್ಟೆ. 20ರಲ್ಲಿ ಒಂಬತ್ತೋ ಹತ್ತೋ ದೊಡ್ಡವಾದವು. ಬೇವಿನಲ್ಲಿ ಅದಕ್ಕಿಂತ ಜಾಸ್ತಿ. ಬೇಲಿಯ ಬೇವಿನ ಗಿಡವನ್ನು ಆಮೇಲಿಂದ ವಾರಕ್ಕೊಮ್ಮೆ ನೋಡುತ್ತೇನೆ. ಗುಂಡುಸೂಜಿಯೇ ಇಲ್ಲದ ಒಂದು ತಿಗಣೆಯೂ ಗೇರಿನಲ್ಲೇ ಸಿಕ್ಕಿತು. ಅದು ಪ್ಯಾಚಿಪೆಲ್ಟಿಸ್ ಎಂಬ ಬೇರೆ ಕುಲದ್ದು, ಟೀ ಸೊಳ್ಳೆಯ ಜೊತೆ ಕಲಸಬೇಡಿ.

ವಿವರಣೆ ಬರೆಯುವಾಗ ಮೀಸೆಯ ಮೊದಲ ಗೆಣ್ಣನ್ನು ತಲೆಯ ಅಗಲದ ಪಕ್ಕ ಅಳೆದು ಬರೆಯಿರಿ. ಬರೀ ಮಿಲಿಮೀಟರ್ ಬರೆದರೆ ಸಣ್ಣ ಹುಳ, ದೊಡ್ಡ ಹುಳ ಬೇರೆ ಜಾತಿಯ ಹಾಗೆ ಕಾಣುತ್ತವೆ. ಚೀಟಿಯಲ್ಲಿ ಗಿಡದ ಹೆಸರು, ಚಿಗುರೋ ಹೂಗೊಂಚಲೋ, ತಾರೀಕು ಬಿಡಬೇಡಿ.

ಹೆಣ್ಣುಗಳದ್ದು ಬಾಕಿ ಇದೆ. ಪೆಟ್ಟಿಗೆಯಲ್ಲಿ ಐವತ್ತರ ಹತ್ತಿರ ಹೆಸರಿಲ್ಲದ ಹೆಣ್ಣುಗಳಿವೆ. ಈ ಸಲ ಚಿಗುರು ಬಂದ ಕೂಡಲೇ ಜೋಡಿ ಕೂಡಿದವನ್ನೇ ಹಿಡಿದು, ಗಂಡಿನಿಂದ ಹೆಣ್ಣಿನ ಹೆಸರು ಹಿಡಿಯಬೇಕು ಅಂತಿದ್ದೇನೆ. ಹನ್ನೆರಡು ಕುಂಡ ತಯಾರಾಗಿವೆ.